ಕುಂಬ್ರದ ತಿರುವಿನಲ್ಲಿ ದುಬೈ

ಇವತ್ತು ಬೆಳಿಗ್ಗೆ ನನ್ನ ಪ್ರಾಣ ಹೋಗುದರಲ್ಲಿತ್ತು ಮಾರಾಯ್ರೆ. ನಮ್ಮ ಭಾವ ದುಬೈಗೆ ಹೊರಟಿದ್ದಾರೆ. ಅಲ್ಲಿ ಇಳಿದ ಕೂಡಲೇ ಬಾಡಿಗೆ ಕಾರು ತೆಗೆದು ಅವರೇ ಓಡಿಸುದಂತೆ. ಅಲ್ಲಿ ಗಾಡಿಗಳೆಲ್ಲ ರಸ್ತೆಯ ಬಲಬದಿಯಲ್ಲಿ ಹೋಗುದು ಎಂದು ಯಾರೋ ಹೇಳಿದ್ದಾರೆ. ಅದಕ್ಕೆ ಪುತ್ತೂರಿನಲ್ಲಿ ಒಂದು ಅಂಬಾಸಿಡರ್ ಬಾಡಿಗೆಗೆ ಹಿಡಿದು, ಅದರ ಡ್ರೈವರನ್ನು ಹಿಂದೆ ಕೂರಿಸಿ, ನನ್ನನ್ನು ಪಕ್ಕದಲ್ಲಿ ಕೂರಿಸಿ, ಸುಳ್ಯದ ರಸ್ತೆಯಲ್ಲಿ ಬಲಬದಿಯಲ್ಲೇ ಹೊರಟರು.

ಕುಂಬ್ರದ ತಿರುವಿನಲ್ಲಿ ಎದುರಿಗೇ ಬಸ್ಸು. ಮೂತಿಗೆ ಮೂತಿ ತಾಗುವಷ್ಟರಲ್ಲಿ ಎರಡೂ ನಿಂತವು. ಕಂಡಕ್ಟರ್ ಹಾರಿ ಇಳಿದು, "ಕಣ್ಣು ಕಾಣುದಿಲ್ವಾ? ಯಾವ ಬದಿಯಲ್ಲಿ ಬರುದು ನೀವು?" ಎಂದು ಬೊಬ್ಬೆ ಹಾಕಿದ.

ಭಾವ ಸ್ಟಿಯರಿಂಗ್ ಬಿಡಲಿಲ್ಲ. "ದುಬೈಯಲ್ಲಿ ಹೀಗೆಯೇ ಹೋಗುದು. ನಾನು ಅಲ್ಲಿಗೆ ಹೋಗುವವ, ಅಭ್ಯಾಸ ಮಾಡುದು" ಎಂದರು.

ಇನ್ನು ಪೆಟ್ಟು ಬೀಳುದೇ ಎಂದು ನಾನು ತಲೆ ತಗ್ಗಿಸಿದೆ. ಆದರೆ ದುಬೈ ಎಂದ ಕೂಡಲೇ ಕಂಡಕ್ಟರನ ಸ್ವರ ಇಳಿಯಿತು. ಜನ ತುಂಬಿದ ಬಸ್ಸನ್ನೇ ರಿವರ್ಸ್ ತೆಗೆಸಿ ನಮಗೆ ದಾರಿ ಬಿಡಿಸಿದ. ಮತ್ತೆ ಕಿಟಕಿಗೆ ಬಗ್ಗಿ, "ನನ್ನ ತಮ್ಮನಿಗೂ ಒಂದು ವೀಸಾ ನೋಡ್ತೀರಾ ಅಣ್ಣ?" ಎಂದು ಮೆಲ್ಲಗೆ ಕೇಳಿದ.

"ನೋಡುವ, ನೋಡುವ" ಎಂದರು ಭಾವ, ದೊಡ್ಡ ಮನಸ್ಸು ಮಾಡಿ.

ಪಾಸ್‌ಪೋರ್ಟಿಗೆ ಫೋಟೊ ತೆಗೆಸಲು ಭಾವ ನಾಳೆ ಪೇಟೆಗೆ ಹೋಗುದಂತೆ.