ಕಣ್ಣಿಲ್ಲದ ಸೂಜಿ

ಭಾನುವಾರ, ೧೭ ಆಗಸ್ಟ್ ೨೦೨೫. ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಬನಹಟ್ಟಿ. ಕರೆಂಟು ಹೋಗಿದೆ, ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಬಾಯಿ ಮುಚ್ಚಿವೆ. ನಮ್ಮೂರಿನಲ್ಲಿ ಮನಸ್ಸಿನ ಮಾತು ಕೇಳಬೇಕೆಂದರೆ ಕರೆಂಟು ಹೋಗುವುದನ್ನೇ ಕಾಯಬೇಕು.

ನನಗೆ ಎಲ್ಲವನ್ನೂ ಬರೆದಿಡುವ ಚಾಳಿ. ಹಾಲಿನವನು ಬಾರದ ದಿನ, ಹೊಸ ಸಿಲಿಂಡರ್ ಹಚ್ಚಿದ ದಿನ, ಅತ್ತೆಯ ಮೊಣಕಾಲು ನೋಯದೆ ಇದ್ದ ಅಪರೂಪದ ದಿನ. ಮದುವೆಯಾದ ಎರಡನೆಯ ವರ್ಷಕ್ಕೆ ಇನ್ನೊಂದು ಲೆಕ್ಕ ಸೇರಿಕೊಂಡಿತು: “ಏನರ ವಿಶೇಷ?” ಎಂದು ತಿಂಗಳಿಗೆ ಎಷ್ಟು ಮಂದಿ ಕೇಳಿದರು ಎಂಬುದು. ಮದುವೆಯಾದ ಹುಡುಗಿಯ ಮುಂದೆ ಆ ಶಬ್ದಕ್ಕೆ ಇರುವುದು ಒಂದೇ ಅರ್ಥ. ಉಪ್ಪಿಟ್ಟು ಎಷ್ಟೇ ಚೆನ್ನಾಗಿ ಆಗಿದ್ದರೂ ಅದು ವಿಶೇಷವಲ್ಲ.

ಈಗ ಐದನೆಯ ವರ್ಷ. ಮುಧೋಳದ ಡಾಕ್ಟರು ಇಬ್ಬರನ್ನೂ ಪರೀಕ್ಷೆ ಮಾಡಿ, ದೋಷವೇನೂ ಇಲ್ಲ, ಕಾಯಿರಿ ಎಂದರು. ದೋಷವಿದ್ದರೆ ಅದಕ್ಕೊಂದು ಹೆಸರಿರುತ್ತದೆ, ಮಾತ್ರೆ ಇರುತ್ತದೆ, ಬಸ್ಸಿನಲ್ಲಿ ಪಕ್ಕದವರ ಹತ್ತಿರ ಹೇಳಿಕೊಳ್ಳಲಾದರೂ ಏನೋ ಇರುತ್ತದೆ. ಏನೂ ಇಲ್ಲದ್ದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ನನ್ನ ಗಂಡ ಒಳ್ಳೆಯವ. ಆದರೆ ಹಗಲೆಲ್ಲ ನಾಲ್ಕು ಮಗ್ಗಗಳ ಸದ್ದಿನಲ್ಲಿ ನಿಂತು ಬರುವವನಿಗೆ ಮನೆಯಲ್ಲಿ ಬೇಕಾಗುವುದು ಮೌನ. ಅದೇ ಸದ್ದಿನ ನಡುವೆ ಹಗಲೆಲ್ಲ ಬಾಯಿ ಮುಚ್ಚಿಕೊಂಡಿರುವ ನನಗೆ ಬೇಕಾಗುವುದು ಮಾತು. ಇಬ್ಬರೂ ಹಂಚಿಕೊಂಡು ತಿನ್ನಲಾರದ ಎರಡು ತಟ್ಟೆ ಊಟ.

ಹಾಗಾಗಿ ಮೇ ತಿಂಗಳಿನಿಂದ ಪ್ರತಿ ಗುರುವಾರ ಜಮಖಂಡಿ ಬಸ್ಸು ಹತ್ತುತ್ತಿದ್ದೇನೆ. ಅಲ್ಲಿ ಅಕ್ಯುಪಂಕ್ಚರ್ ಮಾಡುವ ಮೇಡಂ ಒಬ್ಬರಿದ್ದಾರೆ. ಮೊದಲ ದಿನವೇ ಅವರು ನನ್ನ ಆಸೆಯ ರೆಕ್ಕೆಗಳನ್ನು ಮೆಲ್ಲಗೆ ಮಡಚಿ ಕೈಗೆ ಕೊಟ್ಟರು: “ಇದು ಮಗು ಕೊಡೋ ಸೂಜಿ ಅಲ್ಲವ್ವಾ. ನಿದ್ದಿ ಛಲೋ ಬರಬಹುದು, ಜೀವ ಹಗರ ಆಗಬಹುದು. ಮುಧೋಳದ ಡಾಕ್ಟರ ಕಡೆ ಹೋಗೂದು ಮಾತ್ರ ಬಿಡಬ್ಯಾಡ.” ಇಷ್ಟು ಕಡಿಮೆ ಭರವಸೆ ಕೊಟ್ಟವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅದಕ್ಕೇ ನಂಬಿಕೆ ಬಂತು.

ಕೋಣೆಯಲ್ಲಿ ಮೂರು ಹಾಸಿಗೆ, ನಡುವೆ ಪರದೆ. ಕೂದಲಿನಷ್ಟು ಸಣ್ಣ ಸೂಜಿಗಳನ್ನು ಕಾಲಿಗೆ, ಕೈಗೆ, ಹೊಟ್ಟೆಗೆ ಚುಚ್ಚಿ, ಅಲುಗಾಡದೆ ಮಲಗು ಎಂದು ಹೇಳಿ ಹೋಗುತ್ತಾರೆ. ಮೈಯೊಳಗೆ ಪ್ರಾಣಶಕ್ತಿ ಹರಿಯುವ ಕಾಲುವೆಗಳಿವೆ, ಅಲ್ಲಲ್ಲಿ ಅದು ಕಟ್ಟಿಕೊಳ್ಳುತ್ತದೆ, ಸೂಜಿ ಅದನ್ನು ಬಿಡಿಸುತ್ತದೆ ಎಂಬುದು ಚೀನೀಯರ ಹಳೆಯ ಕಲ್ಪನೆಯಂತೆ. ಹರಿಯುತ್ತದೋ ಇಲ್ಲವೋ ನನಗೆ ತಿಳಿಯದು. ಆದರೆ ಮೇಲೆ ನೀರು ಬಿಟ್ಟ ಮಾತ್ರಕ್ಕೆ ಕಾಲುವೆಯ ಕೊನೆಯ ಹೊಲಕ್ಕೆ ಅದು ತಲುಪುವುದಿಲ್ಲ ಎಂಬುದನ್ನು ನಮ್ಮ ಜಿಲ್ಲೆಯವರಿಗೆ ಯಾವ ಚೀನೀಯನೂ ಹೇಳಿಕೊಡಬೇಕಾಗಿಲ್ಲ.

ಪರದೆಯ ಆಚೆಗೆ ಒಂದು ಕಡೆ ಬಸುರಿ. ವಾಂತಿ ನಿಲ್ಲದೆ ಬಂದವಳು, ಮಣಿಕಟ್ಟಿಗೆ ಸೂಜಿ. ಇನ್ನೊಂದು ಕಡೆ ಬಾಣಂತಿ, ನಡುನೋವು. ಅವಳ ಸೊಂಟದ ಹತ್ತಿರ ಮೇಡಂ ಒಣ ಎಲೆಯ ಬತ್ತಿ ಹೊತ್ತಿಸಿ ಕಾವು ಕೊಡುತ್ತಾರೆ. ಅದು ಯಾವ ಎಲೆ ಎಂದು ಹುಡುಕಿದೆ: ನಮ್ಮ ಮಾಚಿಪತ್ರೆಯ ಜಾತಿ, ದವನಕ್ಕೆ ದಾಯಾದಿ. ದೇವರ ತಲೆಯ ಮೇಲೆ ಏರುವ ಎಲೆಯ ಬಳಗದ್ದೊಂದು ಚೀನಾದಲ್ಲಿ ಬಾಣಂತಿಯ ನಡುವಿಗೆ ಇಳಿದಿದೆ. ತೇರದಾಳದಿಂದ ಜೊತೆಗೆ ಬಂದಿದ್ದ ಆ ಬಾಣಂತಿಯ ತಾಯಿ ಬತ್ತಿಯನ್ನು ಬಹಳ ಹೊತ್ತು ನೋಡಿ, “ಇದು ನಮ್ಮ ಅಗ್ಗಿಷ್ಟಿಗಿನ ಅಲ್ಲೇನ್ರಿ? ಸಣ್ಣದು ಮಾಡ್ಯಾರ, ಅಷ್ಟ” ಎಂದರು. ಹೊರಸಿನ ಕೆಳಗೆ ಕೆಂಡವಿಟ್ಟು ಮಗಳನ್ನು ಕಾಯಿಸಿದ ಕೈ ಅದು. ಚೀನಾ ದೇಶವನ್ನು ಒಂದೇ ಮಾತಿನಲ್ಲಿ ತೇರದಾಳದ ಆಚೆ ಓಣಿಗೆ ತಂದು ಕೂರಿಸಿತು. ಮೂವರೂ ಪರದೆಯ ಹಿಂದೆಯೇ ನಕ್ಕೆವು. ನನ್ನ ಹೊಟ್ಟೆಯ ಮೇಲಿನ ಸೂಜಿಗಳೂ ನಕ್ಕವು. ವಾರದಲ್ಲಿ ನಾನು ಮಂದಿಯ ಜೊತೆ ನಗುವುದು ಅಲ್ಲಿಯೇ, ಮುಖ ಕಾಣದವರ ಜೊತೆ.

ಮನೆಯಲ್ಲಿ ಅತ್ತೆಗೆ ವಿವರಿಸಿದಾಗ ಅವರು ಕೌದಿ ಹೊಲಿಯುತ್ತಿದ್ದರು. ಸೂಜಿಯಲ್ಲಿ ಔಷಧವಿಲ್ಲ, ತೂತಿಲ್ಲ, ಹಿಂದೆ ಕಣ್ಣೂ ಇಲ್ಲ ಎಂದೆ. ಅವರು ತಮ್ಮ ಸೂಜಿಗೆ ದಾರ ಪೋಣಿಸುತ್ತ, “ಕಣ್ಣಿಲ್ಲ, ದಾರ ಇಲ್ಲ. ಏನ್ ಹೊಲೀತೈತವ್ವಾ ಅದು?” ಎಂದರು. ನೇಕಾರರ ಮನೆಯಲ್ಲಿ ನ್ಯಾಯವಾದ ಪ್ರಶ್ನೆ.

ತಪ್ಪು ನಡೆದದ್ದು ಆಮೇಲೆ, ಜೂನ್ ತಿಂಗಳಿನಲ್ಲಿ. ಗುರುವಾರ ಎಲ್ಲಿಗೆ ಹೊರಟೆ ಎಂದು ಓಣಿಯಲ್ಲಿ ಯಾರೋ ಕೇಳಿದ್ದಕ್ಕೆ, ಅಕ್ಯುಪಂಕ್ಚರ್ ಎಂಬ ಶಬ್ದ ಬಾಯಲ್ಲಿ ಹೊರಳದೆ, ಸೂಜಿ ಮಾಡಿಸಿಕೊಳ್ಳಲು ಹೊರಟಿದ್ದೇನೆ ಎಂದುಬಿಟ್ಟೆ. ನಮ್ಮ ಕಡೆ ಸೂಜಿ ಎಂದರೆ ಇಂಜೆಕ್ಷನ್. ಮಕ್ಕಳಿಲ್ಲದ ಸೊಸೆ ತಪ್ಪದೆ ಸೂಜಿ ಮಾಡಿಸಿಕೊಳ್ಳುತ್ತಾಳೆಂದರೆ ಅದು ಬಸುರಿಯರಿಗೆ ಹಾಕುವ ಸೂಜಿಯೇ. ನನ್ನ ಬಸ್ಸು ಜಮಖಂಡಿ ಮುಟ್ಟುವ ಮೊದಲೇ ಸುದ್ದಿ ಓಣಿಯ ಕೊನೆ ಮುಟ್ಟಿತ್ತು.

ಸಂಜೆ ಎದುರು ಮನೆಯ ಶಾಂತಕ್ಕ ಸೆರಗಿನಲ್ಲಿ ಬಟ್ಟಲು ಮುಚ್ಚಿಕೊಂಡು ಬಂದಳು. ಒಳಗೆ ಹುಣಸೆ ಚಿಗಳಿ, ಬೆಲ್ಲ, ಜೀರಿಗೆ, ಮೆಣಸಿನಕಾಯಿ ಹಾಕಿ ಹದವಾಗಿ ಕುಟ್ಟಿದ್ದು.

“ತಿನ್ನವಾ,” ಎಂದಳು. “ಹೇಳಲಿಲ್ಲಲ್ಲ ನೀ, ಕಳ್ಳಿ. ಎಷ್ಟ್ ತಿಂಗಳಾತು?”

ನಾನು ಒಂದು ಉಂಡೆ ಬಾಯಿಗೆ ಹಾಕಿಕೊಂಡೆ. ಐದು ವರ್ಷದಲ್ಲಿ ನನಗಾಗಿ ಯಾರೂ ಹುಳಿ ಕುಟ್ಟಿರಲಿಲ್ಲ. ಅದು ಪೂರ್ತಿ ಕರಗುವವರೆಗೆ ಚೀಪಿದೆ. ಶಾಂತಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ನಾನು ಅಷ್ಟು ಹೊತ್ತು ವಿಶೇಷವಾಗಿದ್ದೆ.

“ಅದಲ್ಲ ಶಾಂತಕ್ಕ,” ಎಂದೆ. “ಇದು ಬ್ಯಾರೆ ಸೂಜಿ. ಇನ್ನೂ ಏನಿಲ್ಲ.”

ಅವಳು ಬಟ್ಟಲು ಹಿಂದಕ್ಕೆ ಒಯ್ಯಬೇಕೋ ಬಿಡಬೇಕೋ ತಿಳಿಯದೆ ಸ್ವಲ್ಪ ಹೊತ್ತು ಕೂತು, ಬಿಟ್ಟು ಹೋದಳು.

ಅಂದಿನಿಂದ ಓಣಿಯಲ್ಲಿ ಯಾರೂ ಕೇಳುವುದಿಲ್ಲ. “ಏನರ ವಿಶೇಷ?” ಎಂಬ ಸಾಲಿನಲ್ಲಿ ಜುಲೈ ತಿಂಗಳು ಸೊನ್ನೆ, ಆಗಸ್ಟ್ ಈವರೆಗೆ ಸೊನ್ನೆ. ಇದೇ ಬೇಕೆಂದು ಎಷ್ಟು ವರ್ಷ ಬೇಡಿಕೊಂಡಿದ್ದೆ! ಈಗ ನಾನು ನಲ್ಲಿಯ ಹತ್ತಿರ ಹೋದರೆ ಮಾತು ಮಳೆಯ ಕಡೆಗೆ, ನೂಲಿನ ರೇಟಿನ ಕಡೆಗೆ ತಿರುಗುತ್ತದೆ. ಪ್ರಶ್ನೆ ಚುಚ್ಚುತ್ತಿತ್ತು, ಖರೆ. ಆದರೆ ಚುಚ್ಚುವಾಗ ಒಂದು ಕೈಯಾದರೂ ಹತ್ತಿರ ಬರುತ್ತಿತ್ತು.

ಕಳೆದ ಗುರುವಾರ ಮನೆಗೆ ಬಂದಾಗ ಅತ್ತೆ ಕೌದಿಯಿಂದ ತಲೆ ಎತ್ತದೆ, “ಇವತ್ತ ನೋವಾತೇನು?” ಎಂದರು.

“ಇಲ್ರೀ ಅತ್ತಿ, ಇರವಿ ಕಡಿದಂಗ.”

“ಮುಂದಿನ ವಾರ ನಾನೂ ಬರ್ತೇನಿ. ಮೊಣಕಾಲಿಗೆ ಹಾಕ್ತಾರೇನ್ ಕೇಳು.”

ಮೊಣಕಾಲಿಗೂ ಹಾಕುತ್ತಾರೆ ಎಂದು ನಾನು ಮೇ ತಿಂಗಳಿನಲ್ಲಿಯೇ ಹೇಳಿದ್ದೆ, ಬರೆದೂ ಇಟ್ಟಿದ್ದೇನೆ. ಅದನ್ನು ತೋರಿಸಲಿಲ್ಲ. ಕೇಳುತ್ತೇನೆ ಎಂದೆ. ಕಣ್ಣಿಲ್ಲದ ಸೂಜಿ ಏನು ಹೊಲಿಯುತ್ತದೆ ಎಂಬುದಕ್ಕೆ ನನಗೆ ಸಿಕ್ಕಿರುವ ಉತ್ತರ ಸದ್ಯಕ್ಕೆ ಇಷ್ಟೇ: ಬಸ್ಸಿನಲ್ಲಿ ಪಕ್ಕಪಕ್ಕದ ಎರಡು ಸೀಟು.

ಒಂದು ಮಾತು ಉಳಿದಿದೆ. ಬಸುರಿ, ಬಾಣಂತಿ, ಬಂಜೆ: ಮೂರಕ್ಕೂ ಶಬ್ದವಿದೆ, ಮೂರೂ ‘ಬ’ ಅಕ್ಷರದವು. ಕೊನೆಯದು ಹೆಸರಲ್ಲ, ತೀರ್ಪು. ಆ ನಡುವಿನ ಹಾಸಿಗೆಯಲ್ಲಿ ಅಲುಗಾಡದೆ ಮಲಗಿ ಸುಮ್ಮನೆ ಕಾಯುತ್ತಿರುವವಳಿಗೆ ಕನ್ನಡದಲ್ಲಿ ಏನೆನ್ನುತ್ತಾರೆ? ನಿಮ್ಮ ಕಡೆ ಬಳಕೆಯಲ್ಲಿದ್ದರೆ, ನಿಮ್ಮ ಅಜ್ಜಿ ಎಂದಾದರೂ ಅಂದದ್ದು ನೆನಪಿದ್ದರೆ, ದಯವಿಟ್ಟು ಬರೆದು ತಿಳಿಸಿ. ‘ಬ’ದಿಂದಲೇ ಶುರುವಾಗಬೇಕೆಂದೇನೂ ಇಲ್ಲ.

ಕರೆಂಟು ಬಂತು.