ಬಲಗಡೆಯ ಸ್ಟೀರಿಂಗಿನ ಕಾರಿನಲ್ಲಿ ಒಂದು ಮಧ್ಯಾಹ್ನ

ಓದುಗರ ಅವಗಾಹನೆಗೆ ತರಬಯಸುವುದೇನೆಂದರೆ, ಧಾರವಾಡದ ರಸ್ತೆಗಳಲ್ಲಿ ವರ್ಷಗಟ್ಟಲೆ ನಿರಾತಂಕವಾಗಿ ಕಾರು ಓಡಿಸಿದ್ದ ನಾನು, ಸಿಯಾಟಲ್ ಬಳಿಯ ಕೆನ್ಮೋರಿಗೆ ಬಂದ ಮೇಲೆ ಚಾಲನಾ ಪರೀಕ್ಷೆಯಲ್ಲಿ ಎರಡು ಬಾರಿ ಅನುತ್ತೀರ್ಣಳಾದೆನು. ಇಲ್ಲಿ ಸ್ಟೀರಿಂಗ್ ಎಡಕ್ಕಿದೆ. ವಾಹನಗಳು ರಸ್ತೆಯ ಬಲಕ್ಕೆ ಚಲಿಸುತ್ತವೆ. ಎಡಗಡೆ ಕುಳಿತ ನನಗೆ ಕಾರಿನ ಬಲಮಗ್ಗುಲು ಎಲ್ಲಿ ಮುಗಿಯುತ್ತದೆಂಬುದೇ ತಿಳಿಯದೆ, ಎರಡೂ ಬಾರಿ ಚಕ್ರವು ಫುಟ್‌ಪಾತ್ ಹತ್ತಿತು.

ತತ್ಪರಿಣಾಮವಾಗಿ, ಹಾಲು ತರುವುದಕ್ಕೂ ಮಗಳನ್ನು ಈಜಿನ ತರಗತಿಗೆ ಬಿಡುವುದಕ್ಕೂ ಪತಿಯು ಪಕ್ಕದೂರು ಬೆಲ್ವ್ಯೂವಿನ ಕಚೇರಿಯಿಂದ ಬರುವವರೆಗೆ ಕಾಯಬೇಕಾಗಿತ್ತು.

"ನಾ ಇದ್ದೀನಲ್ಲ, ಯಾಕ ಇಷ್ಟ ಚಿಂತಿ ಮಾಡ್ತಿ?" ಎನ್ನುತ್ತಿದ್ದರು.

"ನೀವಿರೂದು ಸಂಜಿ ಏಳರ ಮ್ಯಾಲೆ. ಹಾಲು ಮುಗಿಯೂದು ಮಧ್ಯಾಹ್ನ."

ಈ ಮಾತನ್ನು ಆಡಿ ಆಡಿ ನಾನೂ ದಣಿದಿದ್ದೆನು, ಕೇಳಿ ಕೇಳಿ ಅವರೂ ದಣಿದಿದ್ದರು.

ನೆರೆಮನೆಯ ವೃದ್ಧರು ನಿವೃತ್ತ ಇಂಜಿನಿಯರರು. ಅವರ ಗ್ಯಾರೇಜಿನಲ್ಲಿ ಅರವತ್ತರ ದಶಕದ, ಉದ್ದ ಮೂತಿಯ, ಎರಡು ಬಾಗಿಲಿನ ಬ್ರಿಟಿಷ್ ಕಾರೊಂದಿತ್ತು. ಜೀಪುಗಳನ್ನು ಬಿಟ್ಟರೆ, ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹರಿಸಿದ ಮೊದಮೊದಲ ಕಾರುಗಳಲ್ಲಿ ಸದರಿ ಕಾರೂ ಒಂದೆಂದೂ, ಮುಂದಿನ ಚಕ್ರಗಳನ್ನು ತಿರುಗಿಸುವ ಯಂತ್ರಭಾಗ ಅಡ್ಡ ಬಂದುದರಿಂದ ಸ್ಟೀರಿಂಗನ್ನು ಎಡಕ್ಕೆ ಇಡಲು ತಯಾರಕರಿಗೆ ಸಾಧ್ಯವಾಗಲಿಲ್ಲವೆಂದೂ ಬೇಲಿಯಾಚೆಯಿಂದ ವಿವರಿಸಿದ್ದರು. ಮಂಡಿಯ ಶಸ್ತ್ರಚಿಕಿತ್ಸೆಯ ತರುವಾಯ ಅವರಿಗೆ ಓಡಿಸಲಾಗುತ್ತಿರಲಿಲ್ಲ. ನಿಂತಲ್ಲೇ ನಿಂತರೆ ಕಾರು ಕೆಡುತ್ತಿತ್ತು.

"ಇದರ ಸ್ಟೀರಿಂಗ್ ನಿಮ್ಮೂರಿನಂತೆ ಬಲಕ್ಕಿದೆ. ಬನ್ನಿ, ನಾನು ಪಕ್ಕದಲ್ಲಿರುತ್ತೇನೆ," ಎಂದು ಒಂದು ಮಧ್ಯಾಹ್ನ ಇಂಗ್ಲಿಷಿನಲ್ಲಿ ಕರೆದರು. ಕಲಿಯುವವರ ಪರವಾನಗಿ ನನ್ನಲ್ಲಿತ್ತು. ಒಪ್ಪಿದೆನು. ಮಗಳು ಹಿಂದೆ ಕುಳಿತಳು.

ಕುಳಿತೊಡನೆ ನನ್ನ ಭುಜಗಳು ಸಡಿಲವಾದವು. ಗೇರಿನ ಹಿಡಿ ಎಡಗೈಗೆ ತಾನಾಗಿಯೇ ಸಿಕ್ಕಿತು. ತುಂತುರು ಮಳೆಯಲ್ಲಿ, ಸರೋವರದ ದಂಡೆಯ ತಿರುವುಗಳಲ್ಲಿ, ಕಾರು ಒಂದಿಷ್ಟೂ ಜಾರದೆ ನೆಲ ಹಿಡಿದು ಸಾಗಿತು. ಯಾರೂ ನನಗೆ ಏನನ್ನೂ ಕಲಿಸುತ್ತಿರಲಿಲ್ಲ. ಅಂತಹ ದಿನ ಬಹುಕಾಲದಿಂದ ಬಂದಿರಲಿಲ್ಲ. ದೋಣಿಗಳನ್ನು ಕಟ್ಟುವ ಜಾಗದಲ್ಲಿ ಕಾರು ತಿರುಗಿಸಿ ಪುನಃ ರಸ್ತೆಗಿಳಿಯುವಾಗ, ಧಾರವಾಡದಲ್ಲಿ ಇಳಿಯುತ್ತಿದ್ದಂತೆಯೇ ಎಡಭಾಗಕ್ಕೆ ಇಳಿದೆನು.

"ಅಮ್ಮಾ! ರಾಂಗ್ ಸೈಡ್! ಟ್ರಕ್!"

ಬ್ರೇಕ್ ಒತ್ತಿದೆನು. ಚಕ್ರ ಜಾರದಂತೆ ತಡೆಯುವ ಏರ್ಪಾಡು ಆ ಕಾಲದ ಕಾರಿನಲ್ಲೂ ಇದ್ದು, ಪೆಡಲ್ ನನ್ನ ಪಾದವನ್ನೇ ಟಕಟಕನೆ ತಿರುಗಿ ಒದೆಯಿತು. ಒದ್ದೆ ರಸ್ತೆಯಲ್ಲೂ ಕಾರು ನೇರವಾಗಿಯೇ ನಿಂತಿತು. ಎದುರಿಗೆ ಟ್ರಕ್ಕೂ ನಿಂತಿತು, ದೀರ್ಘವಾಗಿ ಹಾರ್ನ್ ಮಾಡಿತು.

ವೃದ್ಧರು, "ಬ್ರೇಕು ಇನ್ನೂ ಚೆನ್ನಾಗಿದೆ," ಎಂದರು.

"ಕ್ಯಾನ್ ವಿ ವಾಕ್ ಹೋಮ್?" ಎಂದು ಮಗಳು ಕೇಳಿದಳು.

ಬಲಭಾಗಕ್ಕೆ ಸರಿದು, ನಿಧಾನವಾಗಿ ಮನೆ ತಲುಪಿ, ಕೀಲಿಯನ್ನು ಧನ್ಯವಾದಪೂರ್ವಕವಾಗಿ ಹಿಂತಿರುಗಿಸಿದೆನು. ಎಡಗಡೆಯ ಆಸನದಲ್ಲಿ ನಾನು ಎಷ್ಟೇ ತಡವರಿಸಿದ್ದರೂ, ಯಾವ ದೇಶದ ರಸ್ತೆಯಲ್ಲಿದ್ದೇನೆಂಬುದನ್ನು ಒಂದು ಕ್ಷಣವೂ ಮರೆತಿರಲಿಲ್ಲ. ಹಾಯೆನಿಸಿದ ಆಸನವೇ ಮರೆಸಿತ್ತು.

ಪತಿ ಬಂದೊಡನೆ ಬಾಗಿಲಲ್ಲೇ ಕೈ ಚಾಚಿದೆನು. "ಕೀಲಿ ಕೊಡ್ರಿ."

"ಈಗಾ? ಊಟಾ?"

"ಊಟ ಆಮ್ಯಾಲೆ. ನೀವು ಬಾಜೂಕ ಕೂಡ್ರಿ. ಒಂದೂ ಮಾತಾಡಬ್ಯಾಡ್ರಿ."

ಎಡಗಡೆ ಕುಳಿತೆನು. ಭುಜಗಳು ಮತ್ತೆ ಬಿಗಿದವು. ಬಿಗಿದೇ ಇರಲೆಂದು ಬಿಟ್ಟೆನು.

ಮೂರನೆಯ ಪರೀಕ್ಷೆಯಲ್ಲಿ ಉತ್ತೀರ್ಣಳಾದೆನೆಂದು ತಿಳಿಸುತ್ತೇನೆ. ಈಗ ಹಾಲು, ಈಜು, ಪತಿಯನ್ನು ಬೆಲ್ವ್ಯೂಗೆ ಬಿಡುವುದು ಎಲ್ಲವೂ ನನ್ನ ಪಾಲಿಗೆ ಬಂದಿವೆ. ಭುಜಗಳು ಮಾತ್ರ ಇದುವರೆಗೆ ಸಡಿಲವಾಗಿರುವುದಿಲ್ಲ.