ಜಂಬಣ್ಣನ ಹೆಬ್ಬೆಟ್ಟು

ರಾಯಚೂರಿನ ತೀನ್ ಕಂದೀಲ್ ವೃತ್ತದ ಹತ್ತಿರ ಒಂದು ಸೈಕಲ್ ರಿಪೇರಿ ಅಂಗಡಿಯಿದೆ. ಅದಕ್ಕೆ ಬೋರ್ಡಿಲ್ಲ. ಬಾಗಿಲ ಮುಂದಿನ ಬೇವಿನ ಮರಕ್ಕೆ ಸರಪಳಿ ಹಾಕಿ ಕಟ್ಟಿದ ಗಾಳಿ ಪಂಪೇ ಬೋರ್ಡು. ಯಾರು ಬೇಕಾದರೂ ಬಂದು ಗಾಳಿ ಹೊಡೆದುಕೊಂಡು ಹೋಗಬಹುದು, ಕೇಳುವವರಿಲ್ಲ. ಆ ಅಂಗಡಿಯ ಜಂಬಣ್ಣ ಕಳೆದ ವರ್ಷ ಭಾರತದ ಮಹಿಳಾ ವೀಲ್‌ಚೇರ್ ಬ್ಯಾಸ್ಕೆಟ್‌ಬಾಲ್ ತಂಡದ ಜೊತೆ ಮೂರು ದೇಶ ತಿರುಗಿ ಬಂದ ಎಂದರೆ ಊರಿನ ಅರ್ಧ ಜನ ಇನ್ನೂ ನಂಬುವುದಿಲ್ಲ. ಒಬ್ಬೊಬ್ಬರಿಗೂ ಕೂತು ಹೇಳುವ ತಾಳ್ಮೆ ನನಗಿಲ್ಲ. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿ, ಇದ್ದ ತಾಳ್ಮೆಯೆಲ್ಲ ಅಲ್ಲೇ ಖರ್ಚಾಗಿದೆ. ಅದಕ್ಕೇ ಒಂದು ಸಲ ಬರೆದು ಮುಗಿಸುತ್ತಿದ್ದೇನೆ.

ಜಂಬಣ್ಣ ಮಾನ್ವಿ ತಾಲೂಕಿನ ಚೀಕಲಪರ್ವಿಯವನು. ಹೊಳೆ ದಂಡೆಯ ಊರು, ಆದರೆ ಅವನಿಗೆ ನೀರಿಗಿಂತ ಗಾಳಿಯ ಋಣ ಹೆಚ್ಚು. ಇಪ್ಪತ್ತನೇ ವಯಸ್ಸಿನಲ್ಲಿ ರಾಯಚೂರಿಗೆ ಬಂದು ಗುಲಾಮ್ ದಸ್ತಗೀರ್ ಎಂಬ ಉಸ್ತಾದರ ಕೈಕೆಳಗೆ ಕೆಲಸ ಕಲಿತ. ಈ ಅಂಗಡಿ ಆಗ ಅವರದೇ. ನನ್ನ ಲೇಡೀಸ್ ಸೈಕಲ್ಲು ಅಲ್ಲಿಗೇ ಹೋಗುತ್ತಿದ್ದುದರಿಂದ ಗುರುಶಿಷ್ಯರಿಬ್ಬರ ಜಗಳವನ್ನೂ ನಾನು ಕಂಡಿದ್ದೇನೆ. ನಮ್ಮ ಕಡೆ ಹೆಬ್ಬೆಟ್ಟು ಎಂದರೆ ಓದು ಬಾರದವನು ಎಂದರ್ಥ. ಆ ಅಂಗಡಿಯಲ್ಲಿ ಹೆಬ್ಬೆಟ್ಟೇ ವಿದ್ಯೆ. ಟೈರನ್ನು ಹೆಬ್ಬೆಟ್ಟಿನಿಂದ ಒತ್ತಿ ಗಾಳಿ ಎಷ್ಟಿದೆ ಎಂದು ಹೇಳಬೇಕು. ರಾಯಚೂರಿನ ಬಿಸಿಲು ಗೊತ್ತಲ್ಲ, ಪೂರ್ತಿ ಗಾಳಿ ತುಂಬಿದ ಸೈಕಲ್ಲನ್ನು ಮೇ ತಿಂಗಳ ಮಧ್ಯಾಹ್ನ ಬಯಲಲ್ಲಿ ನಿಲ್ಲಿಸಿದರೆ ಟ್ಯೂಬು ಪಟಾಕಿಯಂತೆ ಸಿಡಿಯುತ್ತದೆ. ಆದ್ದರಿಂದ ಉಸ್ತಾದರ ಹೆಬ್ಬೆಟ್ಟು ಯಾವಾಗಲೂ ಒಂದು ಹಿಡಿ ಕಡಿಮೆಯೇ ಕೇಳುತ್ತಿತ್ತು.

ಇನ್ನೊಂದು ಮಾತನ್ನು ಅವರು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. "ಗಾಳಿ ಅಲ್ಲಾಂದು, ಪಂಪ್ ಅಷ್ಟ ನಮ್ದು. ಗಾಳಿ ಕೇಳಿ ಬಂದಾಂವಗ ಇಲ್ಲ ಅನಬ್ಯಾಡ ಬೇಟಾ, ಅಂವ ನಿನ್ನ ದುಶ್ಮನ್ ಇದ್ರೂ."

ಇನ್ನು ದೇವಿಕಾ. ದೇವದುರ್ಗದ ಕಡೆಯ ಅರಕೇರಾದ ಕುರಿಗಾರ ಸಿದ್ರಾಮನ ಮಗಳು, ನನ್ನ ವಿದ್ಯಾರ್ಥಿನಿ. ಎಂಟನೇ ವಯಸ್ಸಿನಲ್ಲಿ ಹತ್ತಿ ಹೇರಿದ ಟ್ರ್ಯಾಕ್ಟರಿನ ಮೇಲಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಹಾಗೆಂದು ಮನೆಯಲ್ಲಿ ಯಾರೂ ಅವಳನ್ನು ಮೂಲೆಗೆ ಕೂರಿಸಲಿಲ್ಲ. ಸಂಜೆ ಕುರಿ ಹಟ್ಟಿಯ ಬಾಯಿಗೆ ಕೂತು, ಒಳಗೆ ಬರಬೇಕಾದ ಕುರಿಯನ್ನು ಬಿಟ್ಟು, ನುಗ್ಗುವ ಟಗರನ್ನು ಹೆಗಲು ಕೊಟ್ಟು ತಡೆಯುವುದು ಅವಳ ಕೆಲಸವಾಗಿತ್ತು. ಒಂಬತ್ತನೇ ತರಗತಿಗೆ ರಾಯಚೂರಿಗೆ ಬಂದಾಗ ಅವಳ ಕೈಯಿಂದ ತಿರುಗಿಸುವ ಮೂರು ಗಾಲಿ ಸೈಕಲ್ಲು ರಿಪೇರಿಗೆ ಬರುತ್ತಿದ್ದದ್ದು ಜಂಬಣ್ಣನಲ್ಲಿಗೆ.

ಮುಂದೆ ವೀಲ್‌ಚೇರ್ ಬ್ಯಾಸ್ಕೆಟ್‌ಬಾಲ್ ಕ್ಯಾಂಪು, ತಂಡಕ್ಕೆ ಆಯ್ಕೆ ಎಂದೆಲ್ಲ ಆಗಿ ಅವಳು ಆಟದ ಕುರ್ಚಿಯೊಂದನ್ನು ತಂದಳು. ಆ ಕುರ್ಚಿಯ ಗಾಲಿಗಳು ಮೇಲೆ ಒಳಕ್ಕೆ, ಕೆಳಗೆ ಹೊರಕ್ಕೆ ವಾಲಿರುತ್ತವೆ. ಬೇಗ ತಿರುಗಲಿ, ಮಗುಚದಿರಲಿ ಎಂದು ಅದನ್ನು ಮಾಡಿರುವುದೇ ಹಾಗೆ. ನಮ್ಮ ಜಂಬಣ್ಣನಿಗೆ ಅದು ಹೇಗೆ ಗೊತ್ತಿರಬೇಕು? ಯಾರೋ ಲಾರಿಗೆ ಗುದ್ದಿಸಿದ್ದಾರೆ ಎಂದುಕೊಂಡು, ಸುತ್ತಿಗೆ ಹಿಡಿದು ಗಾಲಿ ನೆಟ್ಟಗೆ ಮಾಡಲು ಕೂತ. ದೇವಿಕಾ ಚಹಾದ ಅಂಗಡಿಯಿಂದಲೇ ಕಿರುಚಿದಳು.

"ಯಣ್ಣಾ! ಬಿಡೋ ಅದನ್ನ! ಅದು ಇರೋದ ಹಂಗ!"

"ಸೊಟ್ಟ ಅದಲ್ಲವ್ವಾ?"

"ಸೊಟ್ಟ ಇದ್ರನ ಅದು ಸರಿ!"

ಅವತ್ತಿನಿಂದ ಅವನು ಆ ಕುರ್ಚಿಯ ಬೆನ್ನು ಹತ್ತಿದ. ಬೇರಿಂಗು, ತಂತಿ, ನಟ್ಟು ಒಂದೊಂದನ್ನೂ ಬಿಚ್ಚಿ ಕಟ್ಟಿ ಕಲಿತ. ರಾಷ್ಟ್ರೀಯ ತಂಡದ ಕೋಚ್ ಸುನಂದಾ ಮೇಡಮ್ ಒಂದು ಕ್ಯಾಂಪಿನಲ್ಲಿ ದೇವಿಕಾಳ ಕುರ್ಚಿ ಮಾತ್ರ ಸದ್ದಿಲ್ಲದೆ ಓಡುವುದನ್ನು ನೋಡಿ, ಇದನ್ನು ನೋಡಿಕೊಳ್ಳುವವರು ಯಾರು ಎಂದು ಕೇಳಿದರು. ಮುಂದಿನ ತಿಂಗಳು ಜಂಬಣ್ಣ ಪಾಸ್‌ಪೋರ್ಟಿಗೆ ಫೋಟೋ ತೆಗೆಸಿಕೊಳ್ಳಲು ನನ್ನ ಇಸ್ತ್ರಿ ಪೆಟ್ಟಿಗೆ ಕೇಳಿಕೊಂಡು ಬಂದ.

ಮೊದಲ ಪಂದ್ಯಾವಳಿ ಫೆಬ್ರವರಿಯಲ್ಲಿ, ಥಾಯ್ಲೆಂಡಿನಲ್ಲಿ. ಹೆಂಡತಿ ಬಸವಂತಮ್ಮ ಕಟ್ಟಿಕೊಟ್ಟ ಕಟಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟಿನೊಂದಿಗೆ ಹೋದವನು ನಾಲ್ಕೇ ದಿನಕ್ಕೆ ಮುಖ ಬಾಡಿಸಿಕೊಂಡು ಬಂದ. ಆತಿಥೇಯ ತಂಡದ ಎದುರು, ಗೆದ್ದರೆ ಫೈನಲ್ ಎನ್ನುವ ಆಟದಲ್ಲಿ, ನಮ್ಮವರು ಎರಡು ಅಂಕದಿಂದ ಸೋತಿದ್ದರು. ಕೊನೆಯ ಹತ್ತು ನಿಮಿಷ ಹುಡುಗಿಯರ ತೋಳು ಸೋತು, ಕುರ್ಚಿ ಮುಂದಕ್ಕೇ ಹೋಗಲಿಲ್ಲವಂತೆ. ಮರುದಿನ ಬೆಳಿಗ್ಗೆ ಮೊಗಸಾಲೆಯಲ್ಲಿ ನಿಂತಿದ್ದ ಥಾಯ್ ಕುರ್ಚಿಯೊಂದರ ಟೈರನ್ನು ಜಂಬಣ್ಣ ಸುಮ್ಮನೆ ಒತ್ತಿ ನೋಡಿದ. ಕಲ್ಲು! ನಮ್ಮ ಕುರ್ಚಿಯದು ಒತ್ತಿದ. ಹೆಬ್ಬೆಟ್ಟು ಇಳಿಯಿತು. ಏಸಿ ಹಾಕಿ ಮೈ ಕೊರೆಯುವಷ್ಟು ತಂಪು ಮಾಡಿದ ಒಳಾಂಗಣ ಕ್ರೀಡಾಂಗಣದಲ್ಲಿ ಆಡುವ ಕುರ್ಚಿಗೆ ಅವನು ರಾಯಚೂರಿನ ಬಿಸಿಲಿನ ಲೆಕ್ಕದಲ್ಲಿ ಗಾಳಿ ಹೊಡೆದಿದ್ದ.

ಅವನು ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ನೆಟ್ಟಗೆ ಸುನಂದಾ ಮೇಡಮ್ ಮುಂದೆ ಹೋಗಿ ನಿಂತ. "ಸೋಲಿಸಿದ್ದು ನಾನ್ರಿ ಮೇಡಮ್. ಗಾಳಿ ಕಮ್ಮಿ ಹೊಡ್ದಿದ್ದೆ." ತಂಡದ ಮ್ಯಾನೇಜರ್ ಸಾಹೇಬರು, ಪಂಚರ್ ಅಂಗಡಿಯವರನ್ನು ವಿಮಾನ ಹತ್ತಿಸಿದರೆ ಇದೇ ಗತಿ ಎಂದರು. ಇಂಥವರು ಎಲ್ಲ ತಂಡದಲ್ಲೂ ಒಬ್ಬರಿರುತ್ತಾರೆ, ಅವರ ಟೈರಿನಲ್ಲಿ ಮಾತ್ರ ಗಾಳಿ ಯಾವಾಗಲೂ ಪೂರ್ತಿ. ಮೇಡಮ್ ಮಾತ್ರ ತಮ್ಮ ಚೀಲದಿಂದ ಗಾಳಿ ಅಳೆಯುವ ಮೀಟರನ್ನು ತೆಗೆದು ಅವನ ಕೈಗಿಟ್ಟು, "ಈ ವರ್ಷ ಇನ್ನೂ ಎರಡು ಪಂದ್ಯಾವಳಿ ಇವೆ. ಅಷ್ಟರಲ್ಲಿ ಕಲೀರಿ" ಎಂದರು. ಹುಡುಗಿಯರಲ್ಲಿ ಒಬ್ಬಳೂ ಅವನಿಗೆ ಒಂದು ಮಾತೂ ಅನ್ನಲಿಲ್ಲ. ಅದೇ ಅವನನ್ನು ಹೆಚ್ಚು ಸುಟ್ಟಿತು.

ಊರಿಗೆ ಬಂದ ಮೇಲೆ ಅವನು ಈ ಸಂಗತಿಯನ್ನು ನನಗೆ ಹೇಳಿದ, ಹೆಂಡತಿಗೆ ಹೇಳಿದ, ಉಸ್ತಾದರಿಗೆ ಮಾತ್ರ ಹೇಳಲಿಲ್ಲ. ಎಂಬತ್ತು ದಾಟಿದ ಮುದುಕರು ದಿನಾ ಅಂಗಡಿಯ ಕಟ್ಟೆಗೆ ಬಂದು ಕೂರುತ್ತಿದ್ದರು. "ಅವರು ಕಲಿಸಿದ್ದು ತಪ್ಪಂತ ಹೆಂಗ ಹೇಳ್ಲಿ ಅಕ್ಕೋರ?" ಎಂದು ನನ್ನನ್ನೇ ಕೇಳಿದ. ಮೀಟರನ್ನು ಅವರ ಕಣ್ಣಿಗೆ ಬೀಳದಂತೆ ಡಬ್ಬಿಯಲ್ಲಿ ಮುಚ್ಚಿಟ್ಟುಕೊಂಡ.

ಜುಲೈನಲ್ಲಿ ಇಂಡೋನೇಷ್ಯಾಕ್ಕೆ ಹೋದರು. ಕ್ರೀಡಾಂಗಣದ ತಂಪು ನೋಡಿ, ನೆಲ ಮುಟ್ಟಿ ನೋಡಿ, ಮೀಟರಿನಲ್ಲಿ ಅಳೆದು ಗಾಳಿ ಹೊಡೆದ. ಎರಡು ಆಟ ಗೆದ್ದು ಮೂರನೇ ಸ್ಥಾನ. ನಾನು ಹಿಗ್ಗಿದೆ, ಅವನು ಹಿಗ್ಗಲಿಲ್ಲ. "ಆ ಎರಡು ಅಂಕ ಇನ್ನೂ ನನ್ನ ಮ್ಯಾಲ ಅದಾವ್ರಿ" ಎಂದ.

ಸೆಪ್ಟೆಂಬರಿನಲ್ಲಿ ಕೊಲ್ಲಿ ದೇಶದ ಒಂದು ಊರಿನಲ್ಲಿ ನಾಲ್ಕು ದೇಶಗಳ ಕಪ್. ನಮ್ಮವರು ಫೈನಲಿಗೆ ಬಂದರು. ಎದುರಿಗೆ ಅದೇ ಥಾಯ್ ತಂಡ. ಇಲ್ಲಿ ಗೆದ್ದರೆ ಮುಂದಿನ ವರ್ಷದ ದೊಡ್ಡ ಪಂದ್ಯಾವಳಿಗೆ ಜಾಗ ಸಿಗುತ್ತಿತ್ತು. ಜಂಬಣ್ಣನಿಗಂತೂ ತನ್ನ ಎರಡು ಅಂಕ ತೀರಿಸಲು ಇದೊಂದೇ ದಾರಿ.

ಹೋಟೆಲಿನಿಂದ ಕ್ರೀಡಾಂಗಣಕ್ಕೆ ಎರಡೂ ತಂಡಗಳ ಕುರ್ಚಿಗಳನ್ನು ಒಂದೇ ಲಾರಿಯಲ್ಲಿ ಸಾಗಿಸುವ ಏರ್ಪಾಡಿತ್ತು. ಜಂಬಣ್ಣ ಲಾರಿಯ ತಗಡಿನ ಮೈ ಮುಟ್ಟಿ ಕೈ ಝಾಡಿಸಿದ. ನಮ್ಮೂರಿನ ಮೇ ತಿಂಗಳೇ! ಕುರ್ಚಿ ಹೇರುವ ಮೊದಲು ನಮ್ಮ ಎಲ್ಲ ಗಾಲಿಗಳ ಗಾಳಿಯನ್ನೂ ಇಳಿಸಿಬಿಟ್ಟ. ಥಾಯ್ ತಂಡದ ಹಳದಿ ಟೋಪಿಯ ಮೆಕ್ಯಾನಿಕ್ಕಿಗೂ ಕೈಸನ್ನೆ ಮಾಡಿ ತೋರಿಸಿದ. ಅವನಿಗೆ ಅರ್ಥವಾಗಲಿಲ್ಲ, ನಕ್ಕು ತಲೆಯಾಡಿಸಿ ಹೋದ. ಡ್ರೈವರ್ ಕ್ರೀಡಾಂಗಣದ ಮುಂದೆ ಲಾರಿ ನಿಲ್ಲಿಸಿ, ಬೀಗ ಹಾಕಿಕೊಂಡು ಊಟಕ್ಕೆ ಹೋದ. ಎರಡು ತಾಸು ಸುಡು ಬಿಸಿಲು.

ಬಾಗಿಲು ತೆಗೆದಾಗ ಥಾಯ್ ತಂಡದ ಹತ್ತು ಕುರ್ಚಿಗಳಲ್ಲಿ ನಾಲ್ಕು ಮಾತ್ರ ನೆಟ್ಟಗಿದ್ದವು. ಉಳಿದವುಗಳ ಟ್ಯೂಬುಗಳು ಸಿಡಿದಿದ್ದವು. ಗಾಳಿ ತುಂಬಿಟ್ಟಿದ್ದ ಅವರ ಹೆಚ್ಚುವರಿ ಗಾಲಿಗಳೂ ಅದೇ ಲಾರಿಯಲ್ಲಿದ್ದು ಅವುಗಳ ಗತಿಯೂ ಅದೇ ಆಗಿತ್ತು. ಐದು ಜನ ಕಣಕ್ಕೆ ಇಳಿಯದಿದ್ದರೆ ಆಟ ಎದುರಾಳಿಯದು, ಕಪ್ಪೂ ಎದುರಾಳಿಯದು. ಮುಕ್ಕಾಲು ತಾಸು ಉಳಿದಿತ್ತು. ಹಳದಿ ಟೋಪಿಯವನು ಹರಿದ ಟ್ಯೂಬೊಂದನ್ನು ಹಿಡಿದು ಜಂಬಣ್ಣನ ಮುಂದೆ ಬಂದು ನಿಂತ. ಗಾಳಿ ಬೇಕೆಂದು ಕೈಸನ್ನೆ ಮಾಡಿದ.

ನಮ್ಮ ಮ್ಯಾನೇಜರ್ ಸಾಹೇಬರು ಜಂಬಣ್ಣನ ಕಿವಿಯಲ್ಲಿ, "ಸುಮ್ನಿರಪ್ಪಾ, ಕಪ್ ತಾನಾಗೇ ಬರ್ತಿದೆ" ಎಂದರು.

ಜಂಬಣ್ಣನಿಗೆ ಆಸೆಯಾಗಲಿಲ್ಲ ಎಂದು ನಾನು ಸುಳ್ಳು ಬರೆಯಲಾರೆ. ಏಳು ತಿಂಗಳು ಎದೆಯ ಮೇಲೆ ಕೂತಿದ್ದ ಭಾರ ಕುಂತಲ್ಲೇ ಇಳಿಯುತ್ತಿತ್ತು. ಅವನು ದೇವಿಕಾಳ ಮುಖ ನೋಡಿದ.

"ಏನವ್ವಾ, ಏನ್ ಮಾಡ್ಲಿ?"

"ನಿನ್ನ ಪಂಪ್ ಬೇವಿನ ಗಿಡಕ್ಕ ಯಾಕ ಕಟ್ಟೀದಿ ಯಣ್ಣಾ?" ಎಂದಳು ಅವಳು. "ಮಾಡಿಕೊಡು. ಐದು ಕುರ್ಚಿ ಸಾಲಂಗಿಲ್ಲ, ಎಲ್ಲಾ ಮಾಡು. ಆಮ್ಯಾಲೆ ಸೋತು ನೆಪ ಹೇಳಬಾರ್ದು ಅವ್ರು!"

ಪಕ್ಕದಲ್ಲಿದ್ದ ಕ್ಯಾಪ್ಟನ್ ದಿಲ್ಶಾದ್ ಬಿದ್ದು ಬಿದ್ದು ನಕ್ಕಳು. ಸುನಂದಾ ಮೇಡಮ್ ಮ್ಯಾನೇಜರ್ ಕಡೆ ಒಮ್ಮೆ ನೋಡಿದರು, ಅಷ್ಟಕ್ಕೇ ಸಾಹೇಬರು ಫೋನು ಬಂದವರಂತೆ ಆಚೆ ಹೋದರು. ಜಂಬಣ್ಣ ನೆಲಕ್ಕೆ ಕೂತ. ನಮ್ಮ ತಂಡಕ್ಕೆಂದು ತಂದಿದ್ದ ಹೊಸ ಟ್ಯೂಬುಗಳನ್ನೆಲ್ಲ ಕೊಟ್ಟ. ಸಣ್ಣ ತೂತಿನವನ್ನು ನೆಲ ಒರೆಸುವ ಬಕೆಟ್ಟಿನ ನೀರಿನಲ್ಲಿ ಅದ್ದಿ, ಗುಳ್ಳೆ ಹುಡುಕಿ, ಉಜ್ಜಿ, ಸಲ್ಯೂಷನ್ ಹಚ್ಚಿ ಪ್ಯಾಚ್ ಹಾಕಿದ. ಹಳದಿ ಟೋಪಿಯವನು ಟೈರು ಕಳಚಿ ಕೊಡುತ್ತಿದ್ದ, ಇವನು ಕೂರಿಸುತ್ತಿದ್ದ. ಆಟ ಹತ್ತು ನಿಮಿಷ ತಡವಾಗಿ ಶುರುವಾದಾಗ ನಮ್ಮ ಗಾಲಿಗಳಿಗೂ ಮೀಟರಿಟ್ಟು ಗಾಳಿ ತುಂಬಿಯಾಗಿತ್ತು, ಥಾಯ್ ತಂಡದ ಹತ್ತೂ ಕುರ್ಚಿಗಳು ಕಣದ ಬದಿಗಿದ್ದವು. ನಮ್ಮ ಹತ್ತಿರ ಮಾತ್ರ ಒಂದು ಹೆಚ್ಚುವರಿ ಟ್ಯೂಬೂ ಉಳಿದಿರಲಿಲ್ಲ.

ಇದೆಲ್ಲ ನಮಗೆ ತಿಳಿದದ್ದು ಆಮೇಲೆ. ಆ ಹೊತ್ತಿಗೆ ನಾನು, ಬಸವಂತಮ್ಮ, ಉಸ್ತಾದರು ತೀನ್ ಕಂದೀಲಿನ ಅಂಗಡಿಯಲ್ಲಿ ನನ್ನ ಫೋನನ್ನು ಗ್ರೀಸ್ ಡಬ್ಬಿಗೆ ಒರಗಿಸಿಕೊಂಡು ಕೂತಿದ್ದೆವು. ಉಸ್ತಾದರಿಗೆ ಕಣ್ಣು ಮಂಜು. ಅವರಿಗೆ ಆಟ ವರ್ಣಿಸುವ ಕೆಲಸ ನನ್ನದು, ನನಗೋ ಆಟದ ತಲೆಬುಡ ತಿಳಿಯದು.

"ಯಾರ ಹತ್ರ ಅದ ಚೆಂಡು?"

"ನಮ್ಮವರ ಹತ್ರ. ಇಲ್ಲ, ಹೋಯ್ತು. ಬಂತು."

"ಅಕ್ಕೋರ, ನೀವು ಮಕ್ಕಳಿಗೂ ಹಿಂಗ ಕಲಿಸಿದ್ರೇನು?" ಎಂದು ಮುದುಕರು ಬೈದರು.

ಕೊನೆಯ ನಿಮಿಷದಲ್ಲಿ ನಲವತ್ತೊಂಬತ್ತು, ನಲವತ್ತೊಂಬತ್ತು. ದಿಲ್ಶಾದ್ ಕೈಯಲ್ಲಿ ಚೆಂಡು. ಅವಳ ಮೇಲೆ ಥಾಯ್ ತಂಡದ ಇಬ್ಬರು ನುಗ್ಗಿ ಬರುತ್ತಿದ್ದರು. ಆಗ ದೇವಿಕಾ ಅಡ್ಡ ಬಂದಳು. ಚೆಂಡು ಎಸೆಯುವುದು ಅವಳ ಕೆಲಸವಲ್ಲ, ದಾರಿ ಕಾಯುವುದು ಅವಳ ಕೆಲಸ. ಕುರ್ಚಿಯನ್ನು ಗಕ್ಕನೆ ತಿರುಗಿಸಿ, ಹೆಗಲು ಬಗ್ಗಿಸಿ ನಿಂತಳು. ಅರಕೇರಾದ ಹಟ್ಟಿಯ ಬಾಯಿಗೆ ಕೂತ ಹಾಗೆಯೇ. ಎರಡು ಕುರ್ಚಿಗಳೂ ಬಂದು ಗುದ್ದಿದವು. ಅವಳು ಒಂದಿಂಚು ಸರಿಯಲಿಲ್ಲ. ದಿಲ್ಶಾದ್ ಖಾಲಿ ಜಾಗದಲ್ಲಿ ನುಸುಳಿ ಚೆಂಡನ್ನು ಮೇಲೆ ಬಿಟ್ಟಳು.

ಬಿತ್ತು!

ಬಸವಂತಮ್ಮ ಕೂಗಿದ ಕೂಗಿಗೆ ಪಕ್ಕದ ಹಣ್ಣಿನ ಗಾಡಿಯವರೆಲ್ಲ ಓಡಿ ಬಂದರು. ಉಳಿದ ಹನ್ನೊಂದು ಸೆಕೆಂಡು ನಾನು ಉಸಿರಾಡಲಿಲ್ಲ. ಐವತ್ತೊಂದು, ನಲವತ್ತೊಂಬತ್ತು. ಭಾರತ ಗೆದ್ದಿತ್ತು. ಅರವತ್ತು ದಾಟಿದ ನಾನು ಆ ಎಣ್ಣೆ ಬಳಿದ ನೆಲದಲ್ಲಿ ಕುಣಿದೆ, ನಾಚಿಕೆ ಏನಿಲ್ಲ. ಫೋನಿನಲ್ಲಿ ಹುಡುಗಿಯರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಅಳುತ್ತಿದ್ದರು. ಮೂಲೆಯಲ್ಲಿ ಹಳದಿ ಟೋಪಿಯವನು ನಮ್ಮ ಜಂಬಣ್ಣನನ್ನು ತಬ್ಬಿಕೊಂಡಿದ್ದ. ಅದು ಯಾಕೆಂದು ಆಗ ನಮಗೆ ತಿಳಿಯಲಿಲ್ಲ.

ರಾಯಚೂರು ಸ್ಟೇಷನ್ನಿನಲ್ಲಿ ಹಾರ, ಹಲಗೆಯ ಬಡಿತ, ಅಲ್ಲಿಯವರೆಗೆ ಅರಕೇರಾ ಎಲ್ಲಿದೆಯೆಂದು ಗೊತ್ತಿಲ್ಲದ ದೊಡ್ಡವರ ಭಾಷಣ. ಸಿದ್ರಾಮ ಮಗಳ ಹೆಗಲಿಗೆ ಕಂಬಳಿ ಹೊದಿಸಿದ. ಮೆರವಣಿಗೆ ತೀನ್ ಕಂದೀಲಿಗೆ ಬಂದಾಗ ದೇವಿಕಾ ತೆರೆದ ಜೀಪನ್ನು ನಿಲ್ಲಿಸಿ, ಆಟದ ಕುರ್ಚಿ ಇಳಿಸಲು ಹೇಳಿ, ಅದರಲ್ಲೇ ಕೂತು ಅಂಗಡಿಯ ಮುಂದೆ ಬಂದಳು. ಹಿಂದೆ ಜಂಬಣ್ಣ, ಕೊರಳಲ್ಲಿ ಹಾರ, ಕೈಯಲ್ಲಿ ಅದೇ ಡಬ್ಬಿ.

ಉಸ್ತಾದರು ಕಟ್ಟೆಯ ಮೇಲಿದ್ದರು. ಜಂಬಣ್ಣ ಅವರ ಕಾಲು ಮುಟ್ಟಿ, ಅಷ್ಟು ಜನರ ಮುಂದೆ ಹೇಳಿಬಿಟ್ಟ. "ಫೆಬ್ರವರಿಯಾಗ ಸೋತಿದ್ದು ನನ್ನಿಂದ ಉಸ್ತಾದ್. ನಮ್ಮೂರಿನ ಲೆಕ್ಕದಾಗ ಗಾಳಿ ಕಮ್ಮಿ ಹೊಡ್ದಿದ್ದೆ. ನಿಮಗ ಹೇಳಲಿಲ್ಲ." ಡಬ್ಬಿ ತೆರೆದು ಮೀಟರನ್ನೂ ತೋರಿಸಿದ.

ಮುದುಕರು ಮೀಟರನ್ನು ಮುಟ್ಟಿ ನೋಡಿ ಅವನ ಕೈಗೇ ಕೊಟ್ಟರು. "ಮತ್ತ, ದುಶ್ಮನ್ ಕುರ್ಚಿಗೆ ಗಾಳಿ ಹೊಡ್ದಿ ಅಂತಲ್ಲ?"

"ಹೊಡ್ದೆ ಉಸ್ತಾದ್. ಕೇಳಿ ಬಂದಿದ್ದ."

"ಹಂಗಾರ ಲೆಕ್ಕ ಕೇಳ್ಕೋ ಬೇಟಾ," ಎಂದರು ಉಸ್ತಾದರು. "ಸೋತಿದ್ದು ನನ್ನ ಹೆಬ್ಬೆಟ್ಟು. ಗೆದ್ದಿದ್ದು ನಿಂದು."

ಜಂಬಣ್ಣ ಚಿಕ್ಕ ಮಗುವಿನಂತೆ ಅತ್ತ. ಉಸ್ತಾದರು ನನ್ನ ಭುಜ ಹಿಡಿದು ಎದ್ದು, ದೇವಿಕಾಳ ಕುರ್ಚಿಯ ಟೈರನ್ನು ಒತ್ತಿದರು. ಪ್ರಯಾಣಕ್ಕೆಂದು ಗಾಳಿ ಇಳಿಸಿದ್ದ ಟೈರು ಇನ್ನೂ ಮೆತ್ತಗೇ ಇತ್ತು. ಪಂಪ್ ಮುಟ್ಟಿ ಆರು ವರ್ಷವಾಗಿದ್ದ ಮುದುಕರು ಬೇವಿನ ಮರದ ಬುಡಕ್ಕೆ ನಡೆದು, ಸರಪಳಿ ಎಳೆದು, ಎರಡೂ ಕೈಯಿಂದ ಹಿಡಿ ಒತ್ತತೊಡಗಿದರು.

"ಎಷ್ಟು ಹೊಡೀಲಿ, ಹೇಳು," ಎಂದು ಶಿಷ್ಯನನ್ನು ಕೇಳಿದರು.

ಜಂಬಣ್ಣ ಕಣ್ಣೊರೆಸಿಕೊಂಡು ಕುರ್ಚಿಯ ಪಕ್ಕ ಕೂತ. ಟೈರಿನ ಮೇಲೆ ಹೆಬ್ಬೆಟ್ಟಿಟ್ಟು, "ಇನ್ನೊಂದೀಟು ಉಸ್ತಾದ್" ಎಂದ.